ವೀಣೆಯ ಮೇಲೊಂದು ಹೆಸರು

ಮಂಗಳೂರಿನಲ್ಲಿ ಬಹುಕಾಲದಿಂದ ವೀಣೆಯನ್ನು ಕಲಿಸುತ್ತಿರುವ ನನ್ನಲ್ಲಿಗೆ ವಾದ್ಯವನ್ನು ಕೊಳ್ಳಬಯಸಿ ಬರುವವರು ಮೊದಲು ವಿಚಾರಿಸುವುದು ಬೆಲೆಯನ್ನು, ಆಮೇಲೆ ಚಿತ್ತಾರವನ್ನು. ಮರದ ವಿಷಯವನ್ನು ಕೇಳುವವರು ವಿರಳ. ಆದರೆ ನಮ್ಮ ಕರಾವಳಿಯ ಹವೆಯಲ್ಲಿ ವೀಣೆಯ ಆಯುಷ್ಯವನ್ನು ನಿರ್ಣಯಿಸುವುದು ಮರವೇ. ಚೆನ್ನಾಗಿ ಆರಿದ ಹಲಸಿನಿಂದ ಕೊರೆದ ಕೊಡವು ಆಷಾಢದ ತೇವವನ್ನೂ ವೈಶಾಖದ ಧಗೆಯನ್ನೂ ಸಹಿಸಿ ನಾದವನ್ನು ಕಾಪಾಡುತ್ತದೆ. ಹಸಿಮರವಾದರೋ ಹೊಳೆಯುವ ಬಣ್ಣದಡಿಯಲ್ಲಿ ಸೊಟ್ಟಗಾಗಿ, ಕೊಡ ದಂಡಿಗಳು ಕೂಡುವಲ್ಲಿ ಬಾಯಿಬಿಡುತ್ತದೆ. ಶಿಷ್ಯೆಯೊಬ್ಬಳ ಹೊಸ ವೀಣೆಗೆ ಈ ಗತಿ ಬಂದಾಗ, ಅದನ್ನು ಮಾರಿದ ಅಂಗಡಿಯಲ್ಲಿ ಮಾಡಿದವರ ಹೆಸರನ್ನು ಹೇಳಬಲ್ಲವರೇ ಇರಲಿಲ್ಲ.

ಅಂದಿನಿಂದ ಮೆಟ್ಟಿಲುಗಳ ಮೇಳ ಕಟ್ಟುವ ಕುಶಲಿಗಳ ಬಳಿ ಕುಳಿತು ವಾದ್ಯಪರೀಕ್ಷೆಯ ಕ್ರಮವನ್ನು ಕಲಿತೆನು. ಜೇನುಮೇಣ ಇದ್ದಿಲಪುಡಿಗಳ ಕಪ್ಪು ಪಾಕದ ಮೇಲೆ 24 ಮೆಟ್ಟಿಲುಗಳನ್ನು ಕೂರಿಸುವಾಗ, ತಂತಿಯ ನಡುಮಧ್ಯಕ್ಕೆ ಬರಬೇಕಾದ 12ನೆಯ ಮೆಟ್ಟಿಲನ್ನು ಅವರು ಅಳತೆಗೋಲು ತೋರಿಸಿದಲ್ಲಿಯೇ ಬಿಡುವುದಿಲ್ಲ; ಬೆರಳೊತ್ತಿದಾಗ ತಂತಿ ಬಿಗಿದು ಸ್ವರ ತುಸು ಏರುವುದರಿಂದ, ಮೀಟಿ, ಕೇಳಿ, ದಂಡಿಯ ತುದಿಯ ಯಾಳಿಮುಖದ ಕಡೆಗೆ ಕೂದಲೆಳೆಯಷ್ಟು ಸರಿಸಿ, ಮತ್ತೆ ಮೀಟಿ, ತಾರಷಡ್ಜವು ಬಿಡಿತಂತಿಯ ಷಡ್ಜದಲ್ಲಿ ಲೀನವಾದ ಮೇಲೆಯೇ ಕೈ ತೆಗೆಯುತ್ತಾರೆ. ಗುಣಪ್ರಮಾಣವೆಂಬುದು ಏನಾದರೂ ಇರಬೇಕಾದರೆ ಈ ಶ್ರುತಿಶುದ್ಧಿಯನ್ನೂ ಮರದ ಪಕ್ವತೆಯನ್ನೂ ಆಧರಿಸಿರಬೇಕೇ ಹೊರತು ಕೆತ್ತನೆಯ ವೈಭವವನ್ನಲ್ಲ.

ತಂಜಾವೂರಿನ ವೀಣೆಗೆ 2013ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತದ್ದು ಸಂತೋಷದ ವಿಷಯವೇ. ಆದರೂ ಆ ಮನ್ನಣೆ ಊರಿನ ಹೆಸರನ್ನು ಕಾಯುತ್ತದೆಯಲ್ಲದೆ ಒಂದೊಂದು ವೀಣೆಯ ಮರ ಆರಿದೆಯೇ ಎಂದು ತಟ್ಟಿ ನೋಡುವುದಿಲ್ಲ. ನಮ್ಮಲ್ಲಿಯೇ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವು ಪೆನ್ನ ಓಬಳಯ್ಯನವರ ಪರಂಪರೆಯಿಂದ ವೀಣೆಯ ಊರೆನಿಸಿದೆ. ಅಂಥ ಕೈಗಳ ಕೆಲಸವೂ ಅಂಗಡಿಯ ಸಾಲಿನಲ್ಲಿ ಅನಾಮಿಕವಾಗಿ ನಿಲ್ಲಬೇಕೇ? 1865ರಲ್ಲಿ ಬಾಸೆಲ್ ಮಿಶನ್ನಿನವರು ಆರಂಭಿಸಿದ ಹಂಚಿನ ಉದ್ಯಮವನ್ನು ಕಂಡ ಊರು ನಮ್ಮದು. ಇಲ್ಲಿ ಹಳೆಯ ಮಾಡಿನಿಂದ ಇಳಿಸಿದ ಹಂಚಿನ ಬೆನ್ನಿನ ಮೇಲೂ ಅದನ್ನು ಸುಟ್ಟ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ವೀಣೆಗೆ ಆ ಗೌರವವೂ ಇಲ್ಲವೆಂಬುದು ನನ್ನ ಮನಸ್ಸನ್ನು ನೋಯಿಸುತ್ತದೆ.

ಆದುದರಿಂದ ಈಗ ಶಿಷ್ಯರಿಗೆ ವೀಣೆಯನ್ನು ಮಾಡಿಸುವಾಗ, ಮರವನ್ನು ಕಡಿದ ಕಾಲ, ಕೊರೆದವರು, ಮೇಳ ಕಟ್ಟಿದವರು, ಇವಿಷ್ಟನ್ನು ಬರೆದು ಕೊಡುವಂತೆ ಕೇಳುತ್ತೇನೆ. ಮರ ಆರುವ ತಿಂಗಳುಗಳಲ್ಲಿ ಕುಶಲಿಯ ಒಲೆ ಉರಿಯಬೇಕಷ್ಟೆ, ಅದಕ್ಕಾಗಿ ಮುಂಗಡವನ್ನೂ ಕೊಡಿಸುತ್ತೇನೆ. ಕೊಡದ ದಪ್ಪವನ್ನು ಮಾತ್ರ ಕಾಗದದಲ್ಲಿ ಗೊತ್ತುಮಾಡಲು ಒಪ್ಪೆನು. ಒಂದೊಂದು ಹಲಸಿನ ದಿಮ್ಮಿಯ ಎಳೆ ಒಂದೊಂದು ಬಗೆಯದಾದುದರಿಂದ, ಎಷ್ಟು ಕೆರೆದು ಎಲ್ಲಿ ನಿಲ್ಲಿಸಬೇಕೆಂಬುದನ್ನು ಉಳಿ ಹಿಡಿದವರೇ ನಿರ್ಧರಿಸಬೇಕು.