ಹಿಡಿಯುವ ಕೈ ಮಾಡುವುದು ಹೇಗೆ?



ಕಳೆದ ತಿಂಗಳು ತಾಲ್ಲೂಕಿನಲ್ಲಿ ನಡೆದ ಮಕ್ಕಳ ರೋಬೋ ಸ್ಪರ್ಧೆಗೆ ನಾವು ಮೂವರು ಹೋಗಿದ್ದು ನಿಮಗೆಲ್ಲ ಗೊತ್ತು. ಬಹುಮಾನ ಬರಲಿಲ್ಲ ಅನ್ನೋದೂ ಗೊತ್ತು. ಆದರೆ ಯಾಕೆ ಬರಲಿಲ್ಲ ಎಂಬುದನ್ನು ನಾನು ಎಲ್ಲರಿಗೂ ತಪ್ಪಾಗಿ ಹೇಳಿಕೊಂಡು ತಿರುಗಿದ್ದೆ. ಅದನ್ನು ಸರಿಮಾಡಲು ಈ ಲೇಖನ ಬರೆದಿದ್ದೇನೆ.

ಸ್ಪರ್ಧೆ ಹೀಗಿತ್ತು. ಒಂದು ಪ್ಲಾಸ್ಟಿಕ್ ಲೋಟದಲ್ಲಿ 200 ಮಿಲಿಲೀಟರ್ ನೀರು. ಅದನ್ನು ನಾವು ಮುಟ್ಟಬಾರದು. ನಾವೇ ಮಾಡಿದ ಯಂತ್ರದ ಕೈಯಿಂದ ಹಿಡಿದು ಎತ್ತಿ ಪಕ್ಕದ ಮೇಜಿಗೆ ಇಡಬೇಕು. ಮೂರು ಅವಕಾಶ. ನಮ್ಮ ಲೋಟ ಮೂರು ಸಲವೂ ಜಾರಿ ಬಿದ್ದೇ ಹೋಯ್ತು. ಸಿರಿಂಜು ಒತ್ತುತ್ತಿದ್ದವನು ನನ್ನ ಗೆಳೆಯ. "ನೀನು ಸರಿಯಾಗಿ ಒತ್ತಲಿಲ್ಲ, ನಿನ್ನಿಂದಲೇ ಸೋತಿದ್ದು" ಅಂತ ಬಸ್ಸಿನಲ್ಲಿ ಎಲ್ಲರ ಮುಂದೆ ಬೈದೆ. ಅವನು ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಮನೆಯಲ್ಲಿ ನಾನೊಬ್ಬನೇ ಕೂತು ಅದೇ ಕೈಯನ್ನು ಒತ್ತಿ ನೋಡಿದೆ. ನನಗೂ ಜಾರಿತು!

ರೋಬೋ ಎಂದರೆ ಯಂತ್ರಮಾನವ. ಈ ಹೆಸರು ಚೆಕ್ ಭಾಷೆಯ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಬಂದಿದೆ. 1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಯುನಿಮೇಟ್ ಎಂಬ ರೋಬೋ ಕೆಲಸ ಶುರುಮಾಡಿತು. ಅದಕ್ಕೆ ತಲೆಯೂ ಇಲ್ಲ, ಕಾಲೂ ಇಲ್ಲ. ಬರೀ ಒಂದು ಕೈ. ಕಾದ ಲೋಹದ ಭಾಗಗಳನ್ನು ಹಿಡಿದು ಎತ್ತುವುದೇ ಅದರ ಕೆಲಸ. ಹಾಗಾಗಿ ಸರಿಯಾಗಿ ಹಿಡಿಯುವುದು ದೊಡ್ಡ ವಿದ್ಯೆ.

ನಮ್ಮ ಕೈಗೆ ಬೇಕಾದ ಸಾಮಾನುಗಳು: ಗಟ್ಟಿ ರಟ್ಟು, ಸೂಜಿ ತೆಗೆದ ಎರಡು ಹೊಸ ಸಿರಿಂಜು, ಸಣ್ಣ ಪ್ಲಾಸ್ಟಿಕ್ ಕೊಳವೆ, ನೀರು, ತಂತಿ, ಐಸ್‌ಕ್ರೀಂ ಕಡ್ಡಿ. ಒಂದು ಸಿರಿಂಜು ಒತ್ತಿದರೆ ಕೊಳವೆಯ ನೀರು ಇನ್ನೊಂದು ಸಿರಿಂಜಿನ ದಂಡವನ್ನು ತಳ್ಳುತ್ತದೆ. ಇದು ಪ್ಯಾಸ್ಕಲನ ನಿಯಮ. ಆ ದಂಡ ಎರಡು ಬೆರಳುಗಳ ಬಾಲವನ್ನು ತಳ್ಳಿ ಬೆರಳು ಮುಚ್ಚಿಸುತ್ತದೆ.

ಈಗ ನಾವು ಮಾಡಿದ ತಪ್ಪುಗಳನ್ನು ಹೇಳುತ್ತೇನೆ.

1. ಗಾಳಿ: ಕೊಳವೆಯಲ್ಲಿ ಗುಳ್ಳೆಗಳು ಉಳಿದಿದ್ದವು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ ಎನ್ನಬಹುದು. ನಾವು ಒತ್ತಿದ್ದರಲ್ಲಿ ಒಂದಷ್ಟು ಗುಳ್ಳೆ ಕುಗ್ಗಿಸುವುದಕ್ಕೇ ಹೋಯ್ತು. ಬಕೆಟ್ ನೀರಿನಲ್ಲಿ ಮುಳುಗಿಸಿಕೊಂಡೇ ಜೋಡಿಸಬೇಕು.

2. ಉದ್ದ ಬೆರಳು: ಬೆರಳು ಒಂದು ಸನ್ನೆ. ನಮ್ಮದರಲ್ಲಿ ಆಧಾರ ಬಿಂದುವಿನಿಂದ ಬಾಲ 2 ಸೆಂ.ಮೀ., ತುದಿ 12 ಸೆಂ.ಮೀ. ಇತ್ತು. ಅಂದರೆ ತುದಿಗೆ ಸಿಗುವ ಬಲ ಆರನೇ ಒಂದು ಪಾಲು ಮಾತ್ರ. ಒಂದೊಂದು ಬಾಲವನ್ನು 600 ಗ್ರಾಂ ತೂಕದಷ್ಟು ಬಲದಿಂದ ತಳ್ಳಿದರೆ ತುದಿ 100 ಗ್ರಾಂನಷ್ಟು ಮಾತ್ರ ಒತ್ತುತ್ತದೆ.

3. ನುಣುಪು: ಲೋಟವನ್ನು ಬೀಳದಂತೆ ತಡೆಯುವುದು ಘರ್ಷಣೆ. 200 ಮಿಲಿಲೀಟರ್ ನೀರಿನ ತೂಕ 200 ಗ್ರಾಂ. ಲೋಟದ ತೂಕ ಬಿಡೋಣ. ಒಂದೊಂದು ಬೆರಳು 100 ಗ್ರಾಂ ಹೊರಬೇಕು. ನುಣುಪು ರಟ್ಟಿನ ಘರ್ಷಣೆ ಒತ್ತುವ ಬಲದ ಐದನೇ ಒಂದು ಪಾಲು ಎಂದು ಇಟ್ಟುಕೊಂಡರೆ, ಒಂದೊಂದು ಬೆರಳೂ 500 ಗ್ರಾಂನಷ್ಟು ಒತ್ತಬೇಕು. ನಮ್ಮ ಹತ್ತಿರ ಇದ್ದದ್ದು 100! ಲೆಕ್ಕ ಮಾಡಿದಾಗ ನನಗೆ ನಾಚಿಕೆಯಾಯಿತು. ಅವನು ಎಷ್ಟು ಒತ್ತಿದ್ದರೂ ಸಾಲುತ್ತಿರಲಿಲ್ಲ. ಇನ್ನೂ ಜೋರಾಗಿ ಒತ್ತಿದ್ದರೆ ರಟ್ಟೇ ಬಗ್ಗುತ್ತಿತ್ತು.

4. ಓರೆ ಬೆರಳು: ನಮ್ಮ ಬೆರಳುಗಳು ಕತ್ತರಿಯಂತೆ ಓರೆಯಾಗಿ ಮುಚ್ಚುತ್ತಿದ್ದವು. ಹಾಗಾದಾಗ ದುಂಡು ವಸ್ತು ಹಲಸಿನ ಬೀಜ ಬೆರಳಿನಿಂದ ಚಿಮ್ಮುವ ಹಾಗೆ ಮುಂದಕ್ಕೆ ಜಾರುತ್ತದೆ.

ಆಮೇಲೆ ನಾನು ಮಾಡಿದ ಬದಲಾವಣೆ: ಬಾಲ 4 ಸೆಂ.ಮೀ., ತುದಿ 8 ಸೆಂ.ಮೀ. ಮಾಡಿದೆ. ಈಗ ತುದಿಗೆ ಅರ್ಧ ಬಲ, ಅಂದರೆ 300 ಗ್ರಾಂ ಸಿಗುತ್ತದೆ. ಬೆರಳು ಮೊದಲಿನಷ್ಟು ಅಗಲ ತೆರೆಯುವುದಿಲ್ಲ, ಆದರೆ ಲೋಟಕ್ಕೆ ಸಾಕು. ತುದಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಅಂಟಿಸಿದೆ. ರಬ್ಬರಿನ ಘರ್ಷಣೆ ಒತ್ತುವ ಬಲದ ಅರ್ಧ ಎಂದುಕೊಂಡರೂ 200 ಗ್ರಾಂನಷ್ಟು ಒತ್ತಿದರೆ ಸಾಕು. ನಮ್ಮ ಹತ್ತಿರ 300 ಇದೆ. ಪ್ರತಿ ಬೆರಳಿಗೂ ಒಂದರ ಬದಲು ಸಮ ಉದ್ದದ ಎರಡು ಕಡ್ಡಿ ಹಾಕಿ ಸಮಾಂತರ ಚತುರ್ಭುಜ ಮಾಡಿದೆ. ಅದು ವಾಲಿದರೂ ಎದುರು ಬಾಹುಗಳು ಸಮಾಂತರವಾಗಿಯೇ ಇರುತ್ತವೆ. ಆದ್ದರಿಂದ ತುದಿಗಳು ನೆಟ್ಟಗೆ ಬಂದು ಹಿಡಿಯುತ್ತವೆ. ಗಣಿತದ ಪಾಠ ಇಲ್ಲಿ ಉಪಯೋಗಕ್ಕೆ ಬಂತು.

ಐದನೆಯ ತಪ್ಪು ಹೇಳಿದ್ದು ನಮ್ಮಜ್ಜಿ. ನಾನು ಲೋಟದ ನಡುವೆ ಹಿಡಿಯೋದನ್ನು ನೋಡಿ, "ಲೋ, ಚೊಂಬನ್ನ ಯಾರಾದ್ರೂ ಹೊಟ್ಟೆ ಹಿಡಿದು ಎತ್ತುತ್ತಾರೇನೋ? ಕಂಠ ಹಿಡೀಬೇಕು" ಅಂದರು. ಲೋಟ ಮೇಲೆ ಅಗಲ, ಕೆಳಗೆ ಸಣ್ಣ. ಅಂಚಿನ ಕೆಳಗೆ ಹಿಡಿದರೆ ಸ್ವಲ್ಪ ಜಾರಿದರೂ ಅಂಚು ಬೆರಳಿನ ಮೇಲೆ ಕೂರುತ್ತದೆ, ಬೀಳುವುದಿಲ್ಲ. ಅಜ್ಜಿ ಶಾಲೆಗೆ ಹೋದವರಲ್ಲ. ಈ ವಿಷಯ ನಮಗೆ ಮೂವರಿಗೂ ಹೊಳೆದಿರಲಿಲ್ಲ.

ಹೋದ ಶನಿವಾರ ಹೊಸ ಕೈ ತೆಗೆದುಕೊಂಡು ಗೆಳೆಯನ ಮನೆಗೆ ಹೋದೆ. ಏನೂ ಮಾತಾಡದೆ ಸಿರಿಂಜು ಅವನ ಕೈಗೆ ಕೊಟ್ಟೆ. ಅವನೇ ಒತ್ತಿದ. ಹತ್ತು ಸಲದಲ್ಲಿ ಒಂಬತ್ತು ಸಲ ಲೋಟ ಮೇಲೆ ಬಂತು. ಬಿದ್ದ ಒಂದು ಸಲ ಇಬ್ಬರೂ ನಕ್ಕೆವು. ಬಸ್ಸಿನಲ್ಲಿ ಎಲ್ಲರ ಮುಂದೆ ಬೈದಿದ್ದೆನಲ್ಲ, ಆದ್ದರಿಂದ ಎಲ್ಲರೂ ಓದುವ ಈ ಗೋಡೆ ಪತ್ರಿಕೆಯಲ್ಲೇ ಹೇಳುತ್ತೇನೆ: ತಪ್ಪು ಅವನ ಕೈಯದಲ್ಲ, ನಾನು ಗೆರೆ ಎಳೆದು ಕತ್ತರಿಸಿದ ರಟ್ಟಿನ ಕೈಯದು.

ಆರನೇ ತರಗತಿಯ ತಮ್ಮ ತಂಗಿಯರೇ, ಮುಂದಿನ ವರ್ಷ ನೀವು ಹೋಗುತ್ತೀರಿ. ಈ ಕೈ ವಿಜ್ಞಾನ ಕೋಣೆಯ ಬೀರುವಿನಲ್ಲಿದೆ. ಮೇಷ್ಟ್ರನ್ನು ಕೇಳಿ ತೆಗೆದುಕೊಳ್ಳಿ. ಮೊದಲು ಲೆಕ್ಕ ಮಾಡಿ, ಆಮೇಲೆ ರಟ್ಟು ಕತ್ತರಿಸಿ.

ಯೋಚಿಸಿ: ಲೋಟದ ಬದಲು ಹಣ್ಣಾದ ಟೊಮೆಟೊ ಎತ್ತಬೇಕಾದರೆ ಬೆರಳಿನಲ್ಲಿ ಏನು ಬದಲಾಯಿಸುತ್ತೀರಿ? ಉತ್ತರ ಬರೆದು ಪತ್ರಿಕೆಯ ಡಬ್ಬಿಗೆ ಹಾಕಿ.

– 7ನೇ ತರಗತಿ ವಿದ್ಯಾರ್ಥಿ