ಗಾಜಿನ ಅಂಚಿನ ನೆರಳು

ಬೆಳಗಾಗುತ್ತಲೇ ಕಣ್ಣು ತೆರೆಯುತ್ತೇವೆ. ಕಿಟಕಿ, ಬಾಗಿಲು, ಅಂಗಳದ ತುಳಸಿಕಟ್ಟೆ ಎಲ್ಲವೂ ಕಾಣುತ್ತವೆ. ಇದರಲ್ಲಿ ಸೋಜಿಗವೇನಿದೆ ಎಂದು ನೀವು ಕೇಳಬಹುದು. ಆದರೆ ಕಣ್ಣಿನ ಒಳಭಿತ್ತಿಯಾದ ಅಕ್ಷಿಪಟಲದ ಮೇಲೆ ಬೀಳುವುದು ತಲೆಕೆಳಗಾದ ಒಂದು ಪುಟ್ಟ ಚಿತ್ರ. ಅಲ್ಲಿರುವ ಸುಮಾರು 12 ಕೋಟಿ ಗ್ರಾಹಕಕೋಶಗಳು ಬೆಳಕನ್ನು ವಿದ್ಯುತ್ ಸಂಜ್ಞೆಗಳನ್ನಾಗಿ ಮಾರ್ಪಡಿಸುತ್ತವೆ. ಆ ಸಂಜ್ಞೆಗಳು ಸುಮಾರು 10 ಲಕ್ಷ ನರತಂತುಗಳ ಮೂಲಕ ಮೆದುಳನ್ನು ಸೇರುತ್ತವೆ. ಮೆದುಳಿನೊಳಗೆ ಬೆಳಕಿಲ್ಲ, ಇರುವುದು ಕಗ್ಗತ್ತಲೆ. ಆ ಕತ್ತಲೆಯಲ್ಲಿ ಕುಳಿತ ಮೆದುಳು, ಇದು ಬಾಗಿಲು, ಇದು ತಾಯಿಯ ಮುಖ ಎಂದು ಅರಿಯುವುದಾದರೂ ಹೇಗೆ?

ಈ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸಲ್ ಪ್ರಮುಖರು. ಹ್ಯೂಬೆಲ್ ಹುಟ್ಟಿದ್ದು 1926ರಲ್ಲಿ, ಕೆನಡಾದ ವಿಂಡ್ಸರ್‌ನಲ್ಲಿ. ಗಣಿತ ಮತ್ತು ಭೌತಶಾಸ್ತ್ರವನ್ನು ಓದಿ ಬಳಿಕ ವೈದ್ಯರಾದವರು. ವೀಸಲ್ ಸ್ವೀಡನ್ ದೇಶದವರು, 1924ರಲ್ಲಿ ಜನಿಸಿದವರು. ಅವರ ತಂದೆ ಮನೋರೋಗಿಗಳ ಆಸ್ಪತ್ರೆಯ ವೈದ್ಯರಾಗಿದ್ದುದರಿಂದ ಬಾಲ್ಯವೆಲ್ಲ ಆ ಆಸ್ಪತ್ರೆಯ ಆವರಣದಲ್ಲಿಯೇ ಕಳೆಯಿತು. ಇವರಿಬ್ಬರೂ 1958ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ, ಸ್ಟೀಫನ್ ಕಫ್ಲರ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಜೊತೆಗೂಡಿದರು. ಅಕ್ಷಿಪಟಲದ ನರಕೋಶಗಳು ಬೆಳಕಿನ ಪುಟ್ಟ ಚುಕ್ಕೆಗಳಿಗೆ ಸ್ಪಂದಿಸುತ್ತವೆಂದು ಕಫ್ಲರ್ ಅದಾಗಲೇ ತೋರಿಸಿದ್ದರು. ಮೆದುಳಿನ ಕೋಶಗಳೂ ಹಾಗೆಯೇ ಸ್ಪಂದಿಸುತ್ತವೆಯೆ ಎಂಬುದನ್ನು ಇವರು ತಿಳಿಯಬೇಕಾಗಿತ್ತು.

ಒಂದೇ ಒಂದು ನರಕೋಶದ ಸದ್ದನ್ನು ಆಲಿಸುವುದು ಸುಲಭವಲ್ಲ. ಅದಕ್ಕಾಗಿ ಹ್ಯೂಬೆಲ್ ಟಂಗ್‌ಸ್ಟನ್ ತಂತಿಯ ತುದಿಯನ್ನು ಅತಿ ಸೂಕ್ಷ್ಮವಾಗಿ ಚೂಪುಗೊಳಿಸಿ, ತುದಿಯನ್ನುಳಿದು ಮಿಕ್ಕ ಭಾಗಕ್ಕೆ ಮೆರುಗೆಣ್ಣೆ ಬಳಿದು, ತಾವೇ ಒಂದು ಸಾಧನವನ್ನು ಸಿದ್ಧಪಡಿಸಿದ್ದರು. ಅರಿವಳಿಕೆ ಕೊಟ್ಟ ಬೆಕ್ಕಿನ ಮೆದುಳಿನೊಳಕ್ಕೆ ಅದನ್ನು ಇಳಿಸಿ, ಕೋಶದ ವಿದ್ಯುತ್ ಮಿಡಿತಗಳನ್ನು ಧ್ವನಿವರ್ಧಕದಲ್ಲಿ ಕೇಳುತ್ತಿದ್ದರು. ಬೆಕ್ಕಿನ ಕಣ್ಣಿಗೆ ಬಿಳಿಯ ಚುಕ್ಕೆ ತೋರಿಸಿದರು, ಕರಿಯ ಚುಕ್ಕೆ ತೋರಿಸಿದರು. ಗಂಟೆಗಟ್ಟಲೆ ಪ್ರಯತ್ನಿಸಿದರೂ ಕೋಶದಿಂದ ಹೇಳಿಕೊಳ್ಳುವಂಥ ಉತ್ತರ ಬರಲಿಲ್ಲ.

ಕರಿಯ ಚುಕ್ಕೆಯನ್ನು ಒಂದು ಗಾಜಿನ ಫಲಕಕ್ಕೆ ಅಂಟಿಸಿದ್ದರು. ಆ ಫಲಕವನ್ನು ಯಂತ್ರದೊಳಕ್ಕೆ ಸೇರಿಸುತ್ತಿದ್ದಾಗ ಒಮ್ಮೆಗೇ ಧ್ವನಿವರ್ಧಕವು ಮದ್ದುಗುಂಡುಗಳ ಮಳೆಯಂತೆ ಪಟಪಟನೆ ಸದ್ದು ಮಾಡಿತು. ಕೋಶವನ್ನು ಎಚ್ಚರಿಸಿದ್ದು ಚುಕ್ಕೆಯೆ? ಅಲ್ಲ. ಫಲಕವನ್ನು ಜಾರಿಸಿದಾಗ ಅದರ ಅಂಚಿನ ಮಸುಕಾದ ನೆರಳು, ಒಂದು ಗೆರೆಯಾಗಿ, ಅಕ್ಷಿಪಟಲದ ಮೇಲೆ ಹಾದುಹೋಗಿತ್ತು! ಗೆರೆಯ ಓರೆಯನ್ನು ಬದಲಿಸಿದರೆ ಆ ಕೋಶ ಮೌನ ತಾಳುತ್ತಿತ್ತು. ಒಂದು ಕೋಶಕ್ಕೆ ನೆಟ್ಟನೆಯ ಗೆರೆ ಬೇಕು. ಮತ್ತೊಂದಕ್ಕೆ ಅಡ್ಡ ಗೆರೆ. ಇನ್ನೊಂದಕ್ಕೆ ಓರೆ ಗೆರೆ. ಒಂದೇ ಬಗೆಯ ಓರೆಯನ್ನು ಬಯಸುವ ಕೋಶಗಳು ಮೆದುಳಿನ ಹೊರಪದರದಲ್ಲಿ ಕಂಬಸಾಲುಗಳಂತೆ ನಿಂತಿವೆಯೆಂಬುದೂ ಮುಂದೆ ತಿಳಿದುಬಂದಿತು. ಮಕ್ಕಳು ಮೊದಲು ಗೆರೆ ತಿದ್ದಿ, ಆಮೇಲೆ ಅಕ್ಷರ ಕಲಿಯುವುದಿಲ್ಲವೆ? ಮೆದುಳಿನ ಪಾಠವೂ ಗೆರೆಯಿಂದಲೇ ತೊಡಗುತ್ತದೆ. ಆಕಸ್ಮಿಕವೆಂದು ಇದನ್ನು ಕರೆಯುವವರಿದ್ದಾರೆ. ನನಗೆ ಹಾಗೆನ್ನಿಸದು, ಬೇಸರಗೊಂಡು ಅರ್ಧಕ್ಕೆ ಎದ್ದುಹೋದವರಿಗೆ ಆ ಸದ್ದು ಕೇಳಿಸುತ್ತಿರಲಿಲ್ಲ. 1981ರಲ್ಲಿ ಇವರಿಬ್ಬರಿಗೂ ರೋಜರ್ ಸ್ಪೆರಿಯವರೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ಅವರ ಇನ್ನೊಂದು ಪ್ರಯೋಗವನ್ನು ಓದುವಾಗ ಮನಸ್ಸು ಮುದುಡುತ್ತದೆ. ಇನ್ನೂ ಕಣ್ಣು ಬಿಡದ ಬೆಕ್ಕಿನ ಮರಿಯ ಒಂದು ಕಣ್ಣಿನ ರೆಪ್ಪೆಗಳನ್ನು ಹೊಲಿದು, ಎರಡು ಮೂರು ತಿಂಗಳ ಬಳಿಕ ಬಿಚ್ಚಿದರು. ಕಣ್ಣುಗುಡ್ಡೆ ಸರಿಯಾಗಿಯೇ ಇತ್ತು. ಆದರೂ ಆ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮೆದುಳಿನ ಕೋಶಗಳು ಅದರ ಸಂಜ್ಞೆಗಳಿಗೆ ಸ್ಪಂದಿಸದಂತಾಗಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಹಾಗೆಯೇ ಮುಚ್ಚಿದರೆ ಈ ಹಾನಿಯಿಲ್ಲ. ಎಂದರೆ, ನೋಡುವುದನ್ನು ಕಲಿಯಲು ಮೆದುಳಿಗೂ ಒಂದು ಹದಗಾಲವುಂಟು. ಮೂಕಪ್ರಾಣಿಗೆ ಕೊಟ್ಟ ಈ ಬವಣೆ ನ್ಯಾಯವೆ ಎಂದು ಕೇಳುವುದು ತಪ್ಪಲ್ಲ, ನಾನೂ ಕೇಳಿಕೊಂಡಿದ್ದೇನೆ. ಅದರಿಂದ ಬೆಳಕು ಕಂಡ ಎಳೆಯ ಮಕ್ಕಳನ್ನೂ ಮರೆಯಲಾಗದು. ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದ ಕೂಸು ಬೆಳೆಯಲೆಂದು ವೈದ್ಯರು ಹಿಂದೆ ವರ್ಷಗಟ್ಟಲೆ ಕಾಯುವುದಿತ್ತು. ಈಗ ಮೊದಲ ಕೆಲವು ವಾರಗಳಲ್ಲಿಯೇ ಪೊರೆಯನ್ನು ತೆಗೆಯಲು ಯತ್ನಿಸುತ್ತಾರೆ. ತಡವಾದರೆ ಎಲ್ಲವೂ ಮುಗಿಯಿತೆಂದೂ ಅಲ್ಲ. ಪವನ್ ಸಿನ್ಹಾ ಅವರು ನಮ್ಮ ದೇಶದಲ್ಲಿ ಆರಂಭಿಸಿದ 'ಪ್ರಕಾಶ್' ಯೋಜನೆಯಲ್ಲಿ, ಎಂಟು ಹತ್ತು ವರ್ಷ ದಾಟಿದ ಮೇಲೆ ಶಸ್ತ್ರಚಿಕಿತ್ಸೆ ಪಡೆದ ಮಕ್ಕಳೂ ಎಷ್ಟೋ ಕಲಿತರು. ಆದರೆ ನೋಟದ ಪೂರ್ಣ ಸ್ಪಷ್ಟತೆ ಮಾತ್ರ ಅವರಿಗೆ ದಕ್ಕಲಿಲ್ಲ.

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಆಟದ ಬಯಲಿನಲ್ಲಿ ಎಸೆದ ಚೆಂಡು ಅವನ ಕೈಗೆ ಸಿಕ್ಕುತ್ತಿರಲಿಲ್ಲ. ಪುಸ್ತಕವನ್ನು ಒಂದು ಪಕ್ಕಕ್ಕೆ ವಾಲಿಸಿ ಓದುತ್ತಿದ್ದನು. ಒಂಬತ್ತನೆಯ ತರಗತಿಗೆ ಬಂದಾಗ ಕಣ್ಣಿನ ವೈದ್ಯರೊಬ್ಬರು ಅವನನ್ನು ಪರೀಕ್ಷಿಸಿದರು. ಎಡಗಣ್ಣಿನ ನೋಟ ಚಿಕ್ಕಂದಿನಿಂದಲೇ ಮಸುಕಾಗಿದ್ದು, ಮೆದುಳು ಅದನ್ನು ಕೈಬಿಟ್ಟಿತ್ತು. ಕನ್ನಡಕದಿಂದ ಆಗುವ ಪ್ರಯೋಜನ ಅಲ್ಪವೆಂದರು. ಮೊದಲೇ ಬಂದಿದ್ದರೆ, ಸರಿಯಿರುವ ಕಣ್ಣಿಗೆ ಕೆಲವು ಕಾಲ ಪಟ್ಟಿ ಕಟ್ಟಿ ಎಡಗಣ್ಣಿಗೆ ಅಭ್ಯಾಸ ಮಾಡಿಸಬಹುದಾಗಿತ್ತಂತೆ. ಅಷ್ಟು ದಿನ, ನೆಟ್ಟಗೆ ಕುಳಿತು ಓದು ಎಂದು ಅವನನ್ನು ಗದರಿಸುತ್ತಿದ್ದವನು ನಾನೇ.