ಗಾಡಿಯ ನಾಡಿ ನೋಡುವ ಸ್ಕ್ಯಾನರ್: ಕೊಳ್ಳುವ ಮುಂಚೆ ಇಷ್ಟು ತಿಳಿದಿರಲಿ

ಹಿಂದೆ ಡೀಸೆಲ್ ಗಾಡಿ ಕೆಟ್ಟರೆ ಕಣ್ಣು, ಕಿವಿ, ಮೂಗು ಸಾಕಿತ್ತು. ಹೊಗೆ ಕಪ್ಪೋ ಬಿಳಿಯೋ ನೋಡಿದರೆ ಅರ್ಧ ರೋಗ ಗೊತ್ತಾಗ್ತಿತ್ತು. ಈಗಿನ ಗಾಡಿಗಳಲ್ಲಿ ಎಷ್ಟು ಎಣ್ಣೆ ಬಿಡಬೇಕು, ಯಾವಾಗ ಬಿಡಬೇಕು ಅನ್ನೋದನ್ನೆಲ್ಲ ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನ ಮಾಡ್ತದೆ. ಮೆಕ್ಯಾನಿಕ್‌ಗಳು ಅದಕ್ಕೆ ಇ.ಸಿ.ಎಂ. ಅಂತಾರೆ. ಎಲ್ಲಾದರೂ ಲೆಕ್ಕ ತಪ್ಪಿದರೆ ಅದು ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹಚ್ಚಿ, ಒಳಗೆ ಒಂದು ಸಂಕೇತ ಬರೆದಿಡ್ತದೆ. ಆ ಸಂಕೇತ ಓದುವ ಉಪಕರಣವೇ ಸ್ಕ್ಯಾನರ್.

ನಮ್ಮದು ಚಳ್ಳಕೆರೆ ಕಡೆಯ ಖುಷ್ಕಿ ಬೇಸಾಯ. ಶೇಂಗಾ, ಈರುಳ್ಳಿ. ಈರುಳ್ಳಿ ಬೆಂಗಳೂರಿನ ಯಶವಂತಪುರಕ್ಕೆ ಹೋಗಬೇಕು. ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ಬಾಡಿಗೆ ಗಾಡಿ ಹಿಡಿಯಬೇಕು, ಅಷ್ಟರಲ್ಲಿ ದರ ಬಿದ್ದರೂ ಬೀಳಬಹುದು. ಹಾಗಾಗಿ ಈ ಉಪಕರಣ ನಮ್ಮಂಥವರಿಗೆ ಷೋಕಿಯ ವಸ್ತು ಅಲ್ಲ.

ನಿಮ್ಮ ಗಾಡಿಗೆ ಆಗ್ತದಾ?

ಮೊದಲು ಸ್ಟೀರಿಂಗ್ ಕೆಳಗೆ ಬಗ್ಗಿ ನೋಡಿ. 16 ಪಿನ್ನಿನ, ಮೇಲೆ ಅಗಲ ಕೆಳಗೆ ಸಣ್ಣ ಇರುವ ಸಾಕೆಟ್ ಇರಬೇಕು. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿ.ಎಸ್.4 ಕಾರು, ಪಿಕಪ್‌ಗಳಿಗೆ ಒ.ಬಿ.ಡಿ.2 ವ್ಯವಸ್ಥೆ ಬಂತು. ಬಿ.ಎಸ್.4 ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲ್‌ನಲ್ಲಿ, ಬಿ.ಎಸ್.6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರು ಆರ್.ಸಿ.ಯಲ್ಲಿ ತಯಾರಾದ ವರ್ಷ ನೋಡಿಕೊಳ್ಳಿ. ಅದಕ್ಕೂ ಹಳೆಯದಾದರೆ ಸಾಕೆಟ್ ಇದ್ದರೂ ಅಗ್ಗದ ಸ್ಕ್ಯಾನರ್ ಓದುತ್ತೆ ಅಂತ ಹೇಳಲಿಕ್ಕಾಗಲ್ಲ.

ಟ್ರ್ಯಾಕ್ಟರಿಗೆ ಇದನ್ನು ನಂಬಿ ಕೊಳ್ಳಬೇಡಿ. 50 ಎಚ್.ಪಿ.ವರೆಗಿನ ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಇವತ್ತಿಗೂ ಹಳೇ ಮಾದರಿ ಪಂಪು, ಓದಲಿಕ್ಕೆ ಕಂಪ್ಯೂಟರೇ ಇಲ್ಲ. 50 ಎಚ್.ಪಿ. ಮೀರಿದ, 2023ರ ಹೊಸ ನಿಯಮದ ನಂತರದ ಟ್ರ್ಯಾಕ್ಟರಿಗೆ ಬೇರೆಯೇ ಉಪಕರಣ ಬೇಕು. 24 ವೋಲ್ಟಿನ ಲಾರಿಗೂ ಇದನ್ನು ಚುಚ್ಚಬಾರದು, ಸುಟ್ಟುಹೋದೀತು.

ಮೂರು ತರಹ

1. ಬ್ಲೂಟೂತ್ ಡಬ್ಬಿ: ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸುಮಾರು 400ರಿಂದ 1,000 ರೂಪಾಯಿ. ಸಾಕೆಟ್ಟಿಗೆ ಹಾಕಿ, ಫೋನಿನಲ್ಲಿ ಆ್ಯಪ್ ಇಟ್ಟುಕೊಂಡು ಓದೋದು. ಸಾದಾ ಬ್ಲೂಟೂತ್ ಡಬ್ಬಿ ಆಂಡ್ರಾಯ್ಡ್ ಫೋನಿಗೆ ಸಾಕು. ಐಫೋನ್ ಇದ್ದವರಿಗೆ ವೈಫೈ ಅಥವಾ ಬಿ.ಎಲ್.ಇ. ಮಾದರಿ ಬೇಕು.

2. ಪರದೆ ಇರುವ ಕೈ ಸ್ಕ್ಯಾನರ್: ಸುಮಾರು 1,500ರಿಂದ 4,000. ಫೋನು ಬೇಡ, ಕರೆಂಟನ್ನೂ ಗಾಡಿಯಿಂದಲೇ ತಗೊಳ್ತದೆ. ಫೋನಿನ ತಕರಾರು ಬೇಡ ಅನ್ನುವವರಿಗೆ ಇದೇ ವಾಸಿ.

3. ಗ್ಯಾರೇಜಿನ ಸ್ಕ್ಯಾನರ್: ಹತ್ತು ಸಾವಿರ ದಾಟ್ತದೆ. ಎ.ಬಿ.ಎಸ್., ಏರ್‌ಬ್ಯಾಗ್ ಓದೋದು, ಹೊಸ ಇಂಜೆಕ್ಟರಿನ ನಂಬರ್ ಬರೆಯೋದು, ಬಿ.ಎಸ್.6 ಡೀಸೆಲ್ ಗಾಡಿಯ ಹೊಗೆ ಫಿಲ್ಟರಿನ ಮಸಿ ಸುಡಿಸೋದು ಇದರ ಕೆಲಸ. ಒಂದೇ ಗಾಡಿ ಇದ್ದವನಿಗೆ ಹುಟ್ಟಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

ಬ್ಲೂಟೂತ್ ಡಬ್ಬಿಗಳ ಮೇಲೆ ಇ.ಎಲ್.ಎಂ.327 ಅಂತ ಬರೆದಿರ್ತದೆ. ಇದು ಕೆನಡಾದ ಒಂದು ಕಂಪನಿ ಮಾಡಿದ ಚಿಪ್ಪಿನ ಹೆಸರು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಅಗ್ಗದಲ್ಲಿ ಸಿಗೋದೆಲ್ಲ ಹೆಚ್ಚಾಗಿ ನಕಲು. ಮೂಲ ಕಂಪನಿ 1.5 ಅನ್ನುವ ಆವೃತ್ತಿಯನ್ನೇ ಹೊರಡಿಸಿರಲಿಲ್ಲ, ಆದರೂ ಆ ನಂಬರಿನ ಡಬ್ಬಿ ಮಾರಾಟಕ್ಕಿದೆ! 2.1 ಅಂತ ಬರೆದ ಎಷ್ಟೋ ನಕಲುಗಳಲ್ಲಿ ಹಳೇ ಗಾಡಿ ಓದುವ ಭಾಷೆಯನ್ನೇ ಬಿಟ್ಟಿರ್ತಾರೆ. ಆದ್ದರಿಂದ ನಂಬರ್ ನಂಬಬೇಡಿ. ವಾಪಸು ತಗೊಳ್ಳುವ ಕರಾರಿನ ಮೇಲೆ ಕೊಳ್ಳಿ, ಅಥವಾ ನಿಮ್ಮ ಗಾಡಿಯನ್ನೇ ಒಯ್ದು ಚುಚ್ಚಿ ನೋಡಿ. ಆಗ ಈ ನಾಲ್ಕು ಬರಬೇಕು:

* ಸಂಕೇತ ಓದೋದು ಮತ್ತು ಅಳಿಸೋದು.
* ದೀಪ ಹತ್ತುವ ಮುಂಚಿನ ಅನುಮಾನದ ಸಂಕೇತ. ಇದಕ್ಕೆ ಪೆಂಡಿಂಗ್ ಕೋಡ್ ಅಂತಾರೆ.
* ದೋಷ ಬಂದ ಗಳಿಗೆಯಲ್ಲಿ ವೇಗ, ಬಿಸಿ, ಆರ್.ಪಿ.ಎಂ. ಎಷ್ಟಿತ್ತು ಅನ್ನುವ ದಾಖಲೆ. ಇದು ಫ್ರೀಜ್ ಫ್ರೇಮ್.
* ಎಂಜಿನ್ ಓಡುವಾಗಿನ ಅಂಕಿಗಳು, ಅಂದರೆ ಲೈವ್ ಡೇಟಾ.

ಕೊನೆಯದು ಬರದಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.

ಸಂಕೇತ ತೀರ್ಪಲ್ಲ

ಇದೇ ಮುಖ್ಯ ಪಾಠ. ನನ್ನದು 2018ರ ಡೀಸೆಲ್ ಪಿಕಪ್. 2022ರ ಈರುಳ್ಳಿ ಕಾಲದಲ್ಲಿ ಏರು ಹತ್ತುವಾಗ ಶಕ್ತಿ ಬೀಳ್ತಿತ್ತು, ದೀಪ ಹತ್ತಿತು. ಪೇಟೆಯ ಒಂದು ಗ್ಯಾರೇಜಿನವರು ಪಂಪೇ ಹೋಗಿದೆ, 40 ಸಾವಿರ ಆಗ್ತದೆ ಅಂದರು. ನಾನು ಒಪ್ಪದೆ ಗಾಡಿ ವಾಪಸು ತಂದೆ. ಅಳಿಯನ ಬಳಿ ಡಬ್ಬಿ ಇತ್ತು. ಓದಿದರೆ ಪಿ0087. ಅರ್ಥ ಇಷ್ಟೇ: ಇಂಜೆಕ್ಟರುಗಳಿಗೆ ಎಣ್ಣೆ ಹಂಚುವ ರೈಲಿನಲ್ಲಿ ಒತ್ತಡ ಕಡಿಮೆ. ಪಂಪು ಹೋಗಿದೆ ಅಂತ ಅದು ಹೇಳ್ತಾ ಇಲ್ಲ. ಒತ್ತಡ ಬೀಳಲಿಕ್ಕೆ ಫಿಲ್ಟರ್ ಕಟ್ಟಿರಬಹುದು, ಡೀಸೆಲ್ಲಿಗೆ ನೀರು ಸೇರಿರಬಹುದು, ಪೈಪಿನಲ್ಲಿ ಗಾಳಿ ಎಳೀತಿರಬಹುದು, ಇಂಜೆಕ್ಟರ್ ಸೋರ್ತಿರಬಹುದು, ಪಂಪೂ ಸವೆದಿರಬಹುದು.

ಕಡಿಮೆ ಖರ್ಚಿನಿಂದ ಶುರು ಮಾಡಿದೆವು. ಫಿಲ್ಟರ್ ಬಿಚ್ಚಿದರೆ ಕೆಳಗೆ ನೀರು, ಒಳಗೆ ಕಪ್ಪು ಕೆಸರು. ಸಾವಿರದೊಳಗೆ ಹೊಸ ಫಿಲ್ಟರ್ ಬಂತು. ಗಾಳಿ ತೆಗೆದು, ಸಂಕೇತ ಅಳಿಸಿ, ಲೋಡು ಹಾಕಿ ಅದೇ ಏರು ಹತ್ತಿಸಿದೆವು. ದೀಪ ಮತ್ತೆ ಬರಲಿಲ್ಲ. ಇದರರ್ಥ ಎಲ್ಲ ಪಿ0087ಗೂ ಫಿಲ್ಟರೇ ಮದ್ದು ಅಂತಲ್ಲ. ಫಿಲ್ಟರಿಗೂ ಸರಿಹೋಗದಿದ್ದರೆ ಮೆಕ್ಯಾನಿಕ್ ಬಳಿ ಹೋಗಲೇಬೇಕು. ಆಗಲೂ ಕೈಯಲ್ಲಿ ಸಂಕೇತ ಬರೆದ ಚೀಟಿ ಇದ್ದರೆ ಮಾತಿನ ಧಾಟಿಯೇ ಬೇರೆ.

ಗಾಡಿ ಚೆನ್ನಾಗಿದ್ದಾಗಲೇ ಬರೆದಿಡಿ

ಆರೋಗ್ಯವಾಗಿದ್ದಾಗಿನ ಅಂಕಿ ಗೊತ್ತಿದ್ದರೆ ತಾನೇ ಜ್ವರ ಎಷ್ಟು ಅಂತ ತಿಳಿಯೋದು? ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ: ಎಂಜಿನ್ ಬಿಸಿಯಾಗಿ ನಿಂತಲ್ಲೇ ಓಡುವಾಗ ರೈಲಿನ ಒತ್ತಡ 30,000 ಕಿಲೊಪಾಸ್ಕಲ್ ಆಸುಪಾಸು, ಅಂದರೆ 300 ಬಾರ್. ರೇಡಿಯೇಟರ್ ನೀರಿನ ಬಿಸಿ 85ರಿಂದ 95 ಡಿಗ್ರಿ. ಬ್ಯಾಟರಿ ಎಂಜಿನ್ ನಿಂತಾಗ 12.5 ವೋಲ್ಟ್, ಓಡುವಾಗ 14ರ ಹತ್ತಿರ. ಓಡುವಾಗಲೂ 13 ದಾಟದಿದ್ದರೆ ಡೈನಮೋ ಕಡೆ ನೋಡಬೇಕು. ನಿಮ್ಮ ಗಾಡಿಯ ಅಂಕಿ ಬೇರೆ ಇರಬಹುದು, ನಿಮ್ಮದನ್ನೇ ಬರೆದುಕೊಳ್ಳಿ.

ಎಚ್ಚರಿಕೆ

* ಓದುವ ಮುಂಚೆ ಅಳಿಸಬೇಡಿ. ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಹೋಗ್ತದೆ. ಮೊದಲು ಕಾಗದದಲ್ಲಿ ಬರೆಯಿರಿ.
* ದೀಪ ಆರಿಸಿದ ಮಾತ್ರಕ್ಕೆ ರೋಗ ವಾಸಿಯಾಗಲ್ಲ. ಗಾಡಿ ಮಾರುವವರು ಹೀಗೆ ಆರಿಸಿ ತೋರಿಸೋದುಂಟು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಆಮೇಲೆ ಓದಿ.
* ಡಬ್ಬಿಯನ್ನು ಸಾಕೆಟ್ಟಿನಲ್ಲೇ ಬಿಡಬೇಡಿ, ಬ್ಯಾಟರಿ ಕುಡೀತದೆ. ಓಡಿಸುತ್ತಾ ಫೋನ್ ನೋಡಬೇಡಿ, ಪಕ್ಕದವರು ನೋಡಲಿ.
* ಎಂಜಿನ್ ಆಯಿಲ್ಲಿನ ಕೆಂಪು ದೀಪ ಹತ್ತಿದರೆ, ಬಿಸಿಯ ಮುಳ್ಳು ಏರಿದರೆ ಸ್ಕ್ಯಾನರ್ ಹುಡುಕಬೇಡಿ. ಎಂಜಿನ್ ಆಫ್ ಮಾಡಿ ನಿಲ್ಲಿಸಿ.
* ಪೆಟ್ರೋಲ್, ಗ್ಯಾಸ್ ಗಾಡಿಯಲ್ಲಿ ಹಳದಿ ದೀಪ ಮಿಟುಕಿದರೆ ಸಿಲಿಂಡರ್ ಮಿಸ್ ಹೊಡೀತಿದೆ ಅಂತ ಅರ್ಥ. ಹಾಗೇ ಓಡಿಸಿದರೆ ಸೈಲೆನ್ಸರ್ ಸಾಲಿನ ಕೆಟಲಿಟಿಕ್ ಕನ್ವರ್ಟರ್ ಹಾಳಾಗ್ತದೆ, ಅದು ಬಲು ದುಬಾರಿ.

ವರ್ಷಕ್ಕೆ ನಾಲ್ಕು ಸಲ ಬೇಕಾಗುವ ವಸ್ತು ಇದು. ಮನೆಗೊಂದು ಬೇಕಿಲ್ಲ. ನಮ್ಮಲ್ಲಿ ಗಾಡಿ ಇರುವ ಐದು ಜನ ಸೇರಿ 2,200 ರೂಪಾಯಿಯ ಕೈ ಸ್ಕ್ಯಾನರ್ ಕೊಂಡೆವು, ತಲೆಗೆ 440 ಬಿತ್ತು. ಅದರ ಜೊತೆ ಒಂದು ನೋಟ್‌ಬುಕ್ ಇದೆ. ಯಾರ ಗಾಡಿಗೆ ಯಾವ ಸಂಕೇತ ಬಂತು, ಏನು ಮಾಡಿದ ಮೇಲೆ ಹೋಯಿತು, ಎಷ್ಟು ಖರ್ಚಾಯಿತು ಅಂತ ಎಲ್ಲರೂ ಬರೀತೀವಿ. ಈಗ ದೀಪ ಹತ್ತಿದರೆ ಮೊದಲು ತೆಗೆಯೋದು ಆ ನೋಟ್‌ಬುಕ್ಕನ್ನೇ.